ಬಂದರಿಗೆ ಬಂದ ಅದಿರು: ಪಣಂಬೂರು ಧಕ್ಕೆಯ ವೃತ್ತಿ ಜಾನಪದ

ಕನ್ನಡ ಜಾನಪದ ಅಧ್ಯಯನವು ಬಹುಕಾಲ ಹೊಲ, ಮನೆ, ಗುಡಿ ಮತ್ತು ಜಾತ್ರೆಗಳ ಸುತ್ತ ಬೆಳೆದುಬಂದಿದೆ. ಬೀಸುವ, ಕುಟ್ಟುವ, ನಾಟಿ ಮಾಡುವ ಕೆಲಸಗಳ ಹಾಡುಗಳು ಸಂಗ್ರಹಗೊಂಡಿವೆ. ಕುಂಬಾರ, ಕಮ್ಮಾರ, ನೇಕಾರರ ವೃತ್ತಿಪದಗಳು ಕೋಶಗಳಲ್ಲಿ ಸೇರಿವೆ. ಆದರೆ ಯಂತ್ರ ಮತ್ತು ಮನುಷ್ಯ ಒಟ್ಟಿಗೆ ದುಡಿಯುವ ಸ್ಥಳಗಳು, ಅಂದರೆ ಗಣಿ, ಕಾರ್ಖಾನೆ, ರೈಲ್ವೆ ಯಾರ್ಡು ಮತ್ತು ಬಂದರುಗಳು, ಜಾನಪದದ ವ್ಯಾಪ್ತಿಗೆ ಹೊರಗಿನವು ಎಂಬ ಭಾವನೆ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಒಂದೇ ಕೆಲಸವನ್ನು ಕೂಡಿ ಮಾಡುವ ಜನರ ನಡುವೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗುವ ತಿಳಿವಳಿಕೆಯೇ ವೃತ್ತಿ ಜಾನಪದ ಎಂದು ಒಪ್ಪುವುದಾದರೆ, ಅದಿರು ಹೊತ್ತ ಹಡಗೊಂದು ಧಕ್ಕೆಗೆ ಬಂದು, ಸರಕು ಇಳಿಸಿ, ಮತ್ತೆ ಕಡಲಿಗೆ ಮರಳುವ ಕೆಲವು ದಿನಗಳ ಅವಧಿಯು ಅಂಥ ಅಧ್ಯಯನಕ್ಕೆ ಅತ್ಯಂತ ಯೋಗ್ಯವಾದ ಘಟಕವಾಗಿದೆ. ಮಂಗಳೂರಿನ ಉತ್ತರಕ್ಕಿರುವ ಪಣಂಬೂರಿನ ನವಮಂಗಳೂರು ಬಂದರನ್ನು ನಿದರ್ಶನವಾಗಿಟ್ಟುಕೊಂಡು ಈ ಘಟಕದ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಬಂದರು, ಎರಡು ಕಾಲಗಣನೆ

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವಲ್ಲಿದೆ. ಅಳಿವೆಬಾಯಿಯ ಮರಳದಿಬ್ಬದಿಂದಾಗಿ ದೊಡ್ಡ ಹಡಗುಗಳು ಒಳಗೆ ಬರುವಂತಿರಲಿಲ್ಲ. ಅವು ಹೊರಗೆ ಲಂಗರು ಹಾಕುತ್ತಿದ್ದವು, ಮಂಜಿಗಳು ಸರಕನ್ನು ಹೊತ್ತು ಓಡಾಡುತ್ತಿದ್ದವು. ಹೆಂಚು, ಕಾಫಿ, ಗೋಡಂಬಿ, ಅಕ್ಕಿ, ಮೆಣಸುಗಳ ಈ ವ್ಯಾಪಾರವು ಮಳೆಗಾಲದಲ್ಲಿ ನಿಂತುಬಿಡುತ್ತಿತ್ತು. ತುಳುನಾಡಿನ ಪಂಚಾಂಗದಲ್ಲಿ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಭೂತಗಳ ನೇಮಗಳು ಮುಗಿಯುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕಡಲ ದುಡಿಮೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಗಿಯುತ್ತಿತ್ತು. ಶ್ರಾವಣದ ನೂಲ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆಯು, ಮುನಿದ ಕಡಲು ಮತ್ತೆ ತೆರೆದುಕೊಳ್ಳಲಿ ಎಂಬ ಪ್ರಾರ್ಥನೆಯಾಗಿದೆ. ನೆಲ, ದೈವ ಮತ್ತು ಕಡಲು ಒಂದೇ ಕಾಲಗಣನೆಗೆ ಒಳಪಟ್ಟಿದ್ದವೆಂಬುದನ್ನು ಇಲ್ಲಿ ಗಮನಿಸಬೇಕು.

ಹೊಸ ಬಂದರು ಈ ಕಾಲಗಣನೆಯನ್ನು ಒಡೆಯಿತು. ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದ ಫಲವಾಗಿ ರೂಪುಗೊಂಡ ಯೋಜನೆಯು ಸಮುದ್ರತೀರದ ನೆಲವನ್ನು ಅಗೆದು ಕೃತಕ ಕೊಳವೊಂದನ್ನು ನಿರ್ಮಿಸಿ, ಅಲ್ಲಿಗೆ ಆಳವಾದ ಕಾಲುವೆಯ ಮೂಲಕ ಹಡಗುಗಳನ್ನು ಕರೆತರುವುದಾಗಿತ್ತು. 1974ರ ಮೇ 4ರಂದು ಇದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು; 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ವರ್ಷದ ಹನ್ನೆರಡು ತಿಂಗಳೂ ತೆರೆದಿರುವ ಬಂದರು ಎಂಬುದು ಇದರ ಹೆಗ್ಗಳಿಕೆ. ಈ ನಿರ್ಮಾಣಕ್ಕಾಗಿ ಪಣಂಬೂರಿನ ಕುಟುಂಬಗಳು ನೆಲೆ ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳ ಕಡೆಗೆ ಹೋಗಬೇಕಾಯಿತು. ಮನೆಯೊಂದಿಗೆ ನಾಗಬನ, ದೈವದ ಸ್ಥಾನ, ಗುತ್ತಿನ ಹಕ್ಕು, ನೇಮದ ಸರದಿ ಇವೆಲ್ಲ ಬೆಸೆದುಕೊಂಡಿರುವ ನಾಡಿನಲ್ಲಿ ಸ್ಥಳಾಂತರವೆಂದರೆ ಬರಿಯ ವಿಳಾಸದ ಬದಲಾವಣೆಯಲ್ಲ.

ಕುದುರೆಯ ಮುಖದಿಂದ ಎತ್ತಿನ ಹಿಳಲಿಗೆ

ಈ ಬಂದರಿಗೂ ಅದಿರಿಗೂ ಇರುವ ನಂಟು ಮೊದಲಿಗೆ ಇಳಿಸುವುದಲ್ಲ, ಏರಿಸುವುದಾಗಿತ್ತು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಪಶ್ಚಿಮಘಟ್ಟದಲ್ಲಿ ಅಗೆದ ಮ್ಯಾಗ್ನಟೈಟ್ ಅದಿರನ್ನು ಪುಡಿಮಾಡಿ, ಸಾಂದ್ರೀಕರಿಸಿ, ನೀರಿನೊಂದಿಗೆ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಘಟ್ಟದಿಂದ ಕರಾವಳಿಗೆ ಹರಿಸುತ್ತಿತ್ತು. ಅದಿರು ಮೂಲತಃ ಇರಾನಿಗಾಗಿ ಉದ್ದೇಶಿಸಲಾಗಿತ್ತು. 1979ರ ಕ್ರಾಂತಿಯ ಬಳಿಕ ಆ ಒಪ್ಪಂದ ಕೈತಪ್ಪಿದಾಗ ಬೇರೆ ದೇಶಗಳ ಮಾರುಕಟ್ಟೆಯನ್ನು ಹುಡುಕಬೇಕಾಯಿತು. 1987ರಲ್ಲಿ ಪಣಂಬೂರಿನಲ್ಲಿ ಉಂಡೆಕಟ್ಟುವ ಸ್ಥಾವರ ಆರಂಭವಾಯಿತು. ಅದಿರಿನ ನಯವಾದ ಪುಡಿಯನ್ನು ನೇರವಾಗಿ ಊದುಕುಲುಮೆಗೆ ಸುರಿದರೆ ಗಾಳಿಯ ಹಾದಿ ಕಟ್ಟಿಕೊಳ್ಳುತ್ತದೆ; ಆದ್ದರಿಂದ ಅದನ್ನು ಸಣ್ಣ ಗೋಲಿಗಳ ಆಕಾರಕ್ಕೆ ಉರುಳಿಸಿ, ಬೇಯಿಸಿ ಗಟ್ಟಿಗೊಳಿಸಿ ಉಕ್ಕಿನ ಕಾರ್ಖಾನೆಗಳಿಗೆ ಕಳುಹಿಸಲಾಗುತ್ತದೆ. ಈ ಗೋಲಿಗಳೇ ಪೆಲೆಟ್ಟುಗಳು.

ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ಅನ್ವಯ 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಘಟ್ಟದ ಕಾಡು ಮತ್ತು ಭದ್ರಾ ನದಿಯ ಹಿತದೃಷ್ಟಿಯಿಂದ ಅದು ಅಗತ್ಯವಾಗಿತ್ತು. ಆದರೆ ಸ್ಥಾವರ ಕರಾವಳಿಯಲ್ಲಿ ಉಳಿಯಿತು, ಅದಿರು ಇಲ್ಲವಾಯಿತು. ಅನಂತರದ ವರ್ಷಗಳಲ್ಲಿ ಈ ಸ್ಥಾವರಕ್ಕಾಗಿ ಛತ್ತೀಸಗಢದ ಬೈಲಾಡಿಲಾ ಗಣಿಗಳ ಅದಿರನ್ನು ತರಿಸಿಕೊಳ್ಳಲಾಯಿತು. ಅದು ಕಿರಂದೂಲಿನಿಂದ ಪೂರ್ವಘಟ್ಟವನ್ನು ಇಳಿಯುವ ರೈಲುಮಾರ್ಗದ ಮೂಲಕ ವಿಶಾಖಪಟ್ಟಣ ತಲುಪಿ, ಅಲ್ಲಿಂದ ಹಡಗೇರಿ, ಶ್ರೀಲಂಕೆಯನ್ನು ಬಳಸಿ ಪಶ್ಚಿಮ ಕರಾವಳಿಗೆ ಬರಬೇಕಾಗಿತ್ತು. ಅದಿರನ್ನು ಹೊರಗೆ ಕಳುಹಿಸಲೆಂದು ಸಜ್ಜಾಗಿದ್ದ ಬಂದರು ಹೀಗೆ ಅದಿರನ್ನು ಇಳಿಸಿಕೊಳ್ಳುವ ಬಂದರೂ ಆಯಿತು.

ಈ ಎರಡು ಬೆಟ್ಟಗಳ ಹೆಸರುಗಳು ಜಾನಪದ ದೃಷ್ಟಿಯಿಂದ ಕುತೂಹಲಕರವಾಗಿವೆ. ಕುದುರೆಮುಖವೆಂಬ ಹೆಸರು ಶಿಖರದ ಆಕಾರದಿಂದ ಬಂದದ್ದು. ಬೈಲಾಡಿಲಾ ಎಂಬುದಕ್ಕೆ ಬಸ್ತರ್ ಸೀಮೆಯಲ್ಲಿ ಎತ್ತಿನ ಹಿಳಲು ಎಂಬ ಅರ್ಥವಿದೆ. ದೂರದೂರದ ಎರಡು ಸಮುದಾಯಗಳು ಬೆಟ್ಟವನ್ನು ಜೀವಂತ ಪ್ರಾಣಿಯಾಗಿ ಕಂಡಿವೆ. ಭೂವಿಜ್ಞಾನಿಯು ಅದೇ ಬೆಟ್ಟಗಳನ್ನು ನಿಕ್ಷೇಪ ಸಂಖ್ಯೆಗಳಿಂದ ಗುರುತಿಸುತ್ತಾನೆ. 2019ರ ಜೂನ್ ತಿಂಗಳಲ್ಲಿ ಬೈಲಾಡಿಲಾದ 13ನೆಯ ನಿಕ್ಷೇಪದ ಗಣಿಗಾರಿಕೆಯನ್ನು ವಿರೋಧಿಸಿ ಸಾವಿರಾರು ಆದಿವಾಸಿಗಳು ಕಿರಂದೂಲಿನಲ್ಲಿ ಧರಣಿ ಕುಳಿತಾಗ ಅವರ ವಾದವು ಸರಳವಾಗಿತ್ತು: ಆ ಬೆಟ್ಟ ನಂದರಾಜ ದೇವರು. ಸಂಖ್ಯೆ ಮತ್ತು ಹೆಸರುಗಳ ನಡುವಿನ ಈ ಅಂತರವನ್ನು ದಾಟಿಯೇ ಅದಿರು ಬಂದರಿಗೆ ಬರುತ್ತದೆ.

ಹಡಗು ಧಕ್ಕೆಗೆ ಬಂದಾಗ

ಅದಿರಿನ ಹಡಗು ಮೊದಲು ಹೊರಗಡಲಿನಲ್ಲಿ ಲಂಗರು ಹಾಕಿ ಸರದಿಗಾಗಿ ಕಾಯುತ್ತದೆ. ಹಡಗು ಸರಕು ಇಳಿಸಲು ಸಿದ್ಧವಿದೆ ಎಂಬ ಸೂಚನಾಪತ್ರವನ್ನು ಕಪ್ತಾನನು ಕೊಡುತ್ತಾನೆ. ಸರಕು ಇಳಿಸಲು ಒಪ್ಪಂದದಲ್ಲಿ ನಿಗದಿಯಾದ ಕಾಲದ ಲೆಕ್ಕಕ್ಕೆ ಈ ಪತ್ರವೇ ಆಧಾರ. ಆ ಕಾಲ ಮೀರಿದರೆ ಸರಕಿನವರು ಹಡಗಿನವರಿಗೆ ಡೆಮರೇಜ್ ತೆರಬೇಕು. ಧಕ್ಕೆಯ ಮೇಲಿನ ಎಲ್ಲ ಧಾವಂತದ ಹಿಂದೆ ಇರುವುದು ಈ ಗಡಿಯಾರ. ಸರದಿ ಬಂದಾಗ ಬಂದರಿನ ಪೈಲಟ್ ಹಡಗನ್ನೇರುತ್ತಾನೆ, ಟಗ್ಗುಗಳ ನೆರವಿನಿಂದ ಹಡಗು ಕಾಲುವೆ ದಾಟಿ ಧಕ್ಕೆಗೆ ತಾಗುತ್ತದೆ, ಹಗ್ಗಗಳನ್ನು ಬಿಗಿಯಲಾಗುತ್ತದೆ.

ಮೊದಲ ಕೆಲಸ ಅಳತೆ. ಹತ್ತಾರು ಸಾವಿರ ಟನ್ ಅದಿರನ್ನು ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಆದ್ದರಿಂದ ಹಡಗನ್ನೇ ತಕ್ಕಡಿಯಾಗಿ ಬಳಸಲಾಗುತ್ತದೆ. ಹಡಗಿನ ಮೈಮೇಲೆ ಮುಂದೆ, ನಡುವೆ, ಹಿಂದೆ, ಎರಡೂ ಬದಿಗಳಲ್ಲಿ ಬರೆದಿರುವ ಆರು ಗುರುತುಗಳಲ್ಲಿ ನೀರಿನ ಮಟ್ಟವನ್ನು ಓದುತ್ತಾರೆ. ಬಂದರಿನ ನೀರಿನ ಸಾಂದ್ರತೆಯನ್ನು ಅಳೆಯುತ್ತಾರೆ. ಹಡಗಿನೊಳಗಿನ ಬಲ್ಲಾಸ್ಟ್ ನೀರು, ಇಂಧನ, ಕುಡಿಯುವ ನೀರುಗಳ ಲೆಕ್ಕ ತೆಗೆಯುತ್ತಾರೆ. ಸರಕು ಇಳಿದ ಮೇಲೆ ಇದೇ ಕ್ರಮವನ್ನು ಪುನರಾವರ್ತಿಸಿ, ಎರಡರ ವ್ಯತ್ಯಾಸದಿಂದ ಇಳಿದ ಅದಿರಿನ ತೂಕವನ್ನು ನಿರ್ಧರಿಸುತ್ತಾರೆ. ಅಲೆ ಏರಿ ಇಳಿಯುವಾಗ ಗುರುತಿನ ಯಾವ ಮಟ್ಟವನ್ನು ನಿಜವೆಂದು ಹಿಡಿಯಬೇಕೆಂಬುದು ಕಣ್ಣಿನ ಅಭ್ಯಾಸದಿಂದ ಬರುವ ವಿದ್ಯೆ. ಒಂದು ಸೆಂಟಿಮೀಟರ್ ತಪ್ಪಿದರೆ ದೊಡ್ಡ ಹಡಗಿನಲ್ಲಿ ಹತ್ತಾರು ಟನ್ ವ್ಯತ್ಯಾಸವಾಗುತ್ತದೆ. ಕಣದಲ್ಲಿ ರಾಶಿ ಅಳೆಯುವ ರೈತನು ಮೊದಲ ಕೊಳಗವನ್ನು ಒಂದು ಎನ್ನದೆ ಲಾಭ ಎಂದು ಎಣಿಸುವುದು ಅಳತೆಯ ಕ್ಷಣದಲ್ಲಿ ಅಡಗಿರುವ ಆತಂಕದ ಸೂಚಕ. ಧಕ್ಕೆಯಲ್ಲಿ ಆ ಆತಂಕವು ಹಡಗಿನವರು ಮತ್ತು ಸರಕಿನವರು ಜತೆಗೆ ನಿಂತು ಗುರುತು ನೋಡಿ, ಒಂದೇ ಕಾಗದಕ್ಕೆ ಸಹಿ ಹಾಕುವ ಕ್ರಮದಲ್ಲಿ ಪ್ರಕಟವಾಗುತ್ತದೆ.

ಬಳಿಕ ಹ್ಯಾಚ್ ಮುಚ್ಚಳಗಳು ತೆರೆದುಕೊಳ್ಳುತ್ತವೆ. ಕ್ರೇನಿಗೆ ತೂಗಿಬಿದ್ದ ಗ್ರ್ಯಾಬ್ ಬಾಯ್ದೆರೆದು ಹಡಗಿನ ಒಡಲಿಗಿಳಿದು, ಅದಿರನ್ನು ಕಚ್ಚಿ ಮೇಲೆದ್ದು ಹಾಪರಿಗೋ ಟಿಪ್ಪರಿಗೋ ಸುರಿಯುತ್ತದೆ. ಯಾವ ಒಡಲಿನಿಂದ ಎಷ್ಟು, ಯಾವ ಕ್ರಮದಲ್ಲಿ ತೆಗೆಯಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಅದಿರು ಬಹಳ ಭಾರವಾದ ಸರಕು. ಒಂದು ಕಡೆ ಪೂರ್ತಿ ಬರಿದುಮಾಡಿ ಇನ್ನೊಂದು ಕಡೆ ತುಂಬಿದಂತೆಯೇ ಬಿಟ್ಟರೆ ಹಡಗಿನ ಬೆನ್ನೆಲುಬು ಬಾಗುತ್ತದೆ. ಸರಕು ಇಳಿದಂತೆ ಬಲ್ಲಾಸ್ಟ್ ತೊಟ್ಟಿಗಳಿಗೆ ಕಡಲ ನೀರನ್ನು ತುಂಬಿ ಸಮತೋಲ ಕಾಯ್ದುಕೊಳ್ಳಲಾಗುತ್ತದೆ.

ಕೊನೆಯ ಹಂತವು ಮನುಷ್ಯರದು. ಗ್ರ್ಯಾಬಿಗೆ ಎಟುಕದ ಮೂಲೆಗಳಲ್ಲಿ, ಪಕ್ಕೆಗಳ ಸಂದುಗಳಲ್ಲಿ ಅದಿರು ಉಳಿಯುತ್ತದೆ. ಆಗ ಮಣ್ಣು ತಳ್ಳುವ ಯಂತ್ರವೊಂದನ್ನು ಕ್ರೇನಿನಿಂದ ಒಡಲಿಗೆ ಇಳಿಸುತ್ತಾರೆ. ಅದರ ಹಿಂದೆ ಸಲಿಕೆ, ಪೊರಕೆ ಹಿಡಿದ ಕಾರ್ಮಿಕರು ಏಣಿಯಿಂದ ಇಳಿಯುತ್ತಾರೆ. ಬಿಸಿಲಿಗೆ ಕಾದ ಕಬ್ಬಿಣದ ಗೋಡೆಗಳ ನಡುವೆ, ಕೆಂಪು ಧೂಳಿನಲ್ಲಿ ಒಡಲನ್ನು ಗುಡಿಸಿ ಒಟ್ಟುವ ಈ ಕೆಲಸವನ್ನು ಇಡೀ ಪ್ರಕ್ರಿಯೆಯ ಅತ್ಯಂತ ಹಳೆಯ ಪದರವೆನ್ನಬಹುದು. ತಲೆಯ ಮೇಲೆ ಗ್ರ್ಯಾಬ್ ಓಡಾಡುವಾಗ ಎಲ್ಲಿ ನಿಲ್ಲಬೇಕು, ರಾಶಿಯ ಯಾವ ಮಗ್ಗುಲು ಕುಸಿಯಬಹುದು, ಮುಚ್ಚಿದ್ದ ಒಡಲಿಗೆ ಗಾಳಿಯಾಡುವ ಮುನ್ನ ಏಕೆ ಇಳಿಯಬಾರದು ಎಂಬುದನ್ನು ಹೊಸಬನು ಹಳಬನಿಂದಲೇ ಕಲಿಯುತ್ತಾನೆ. ನಿಯಮ ಪುಸ್ತಕದಲ್ಲಿ ಇವೆಲ್ಲ ಇವೆ. ಜೀವ ಉಳಿಸುವುದು ಪುಸ್ತಕದ ವಾಕ್ಯವಲ್ಲ, ಸರಿಯಾದ ಕ್ಷಣದಲ್ಲಿ ಪಕ್ಕದವನು ಕೂಗುವ ಮಾತು.

ಧಕ್ಕೆಯ ನುಡಿ

ಈ ಕೂಗಿನ ಭಾಷೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಬಂದರು, ಲಂಗರು, ನಖೋದ ಎಂಬ ಪದಗಳು ಪಾರ್ಸಿಯಿಂದ ಬಂದವು. ಹಮಾಲಿ, ಮಾಲುಮಿ ಎಂಬವು ಅರಬ್ಬಿ ಮೂಲದವು. ಕಪ್ತಾನ, ಮೇಸ್ತ್ರಿ ಎಂಬವು ಪೋರ್ಚುಗೀಸಿನಿಂದ ಬಂದವು. ಹಡಗು ಎಂಬ ಪದದ ಹಳಗನ್ನಡ ರೂಪ ಪಡಗು. ಸಾರಂಗ, ತಂಡೇಲ, ಖಲಾಸಿ ಎಂಬವು ಹಡಗಿನ ದುಡಿಮೆಯ ಶ್ರೇಣಿಯನ್ನು ಸೂಚಿಸುತ್ತವೆ. ಹಿಂದೂಸ್ತಾನದ ನಾವಿಕರು ತಮ್ಮ ತಮ್ಮ ಊರಿನ ಭಾಷೆಗಳನ್ನು ದಾಟಿ ಬಳಸುತ್ತಿದ್ದ ಈ ಮಿಶ್ರನುಡಿಗೆ ಲಷ್ಕರಿ ಎಂಬ ಹೆಸರಿದೆ. ಥಾಮಸ್ ರೋಬಕ್ 1811ರಲ್ಲಿ ಇದರ ನಿಘಂಟನ್ನು ಪ್ರಕಟಿಸಿದನು. ಹಡಗಿನಲ್ಲಿ ಆಜ್ಞೆ ತಪ್ಪಾಗಿ ಕೇಳಿಸಿದರೆ ಪ್ರಾಣಾಪಾಯವಾದ್ದರಿಂದ ಆ ಕೋಶವು ಮುಖ್ಯವಾಗಿ ಆಜ್ಞಾಪದಗಳ ಕೋಶವಾಗಿತ್ತು.

ಆ ನುಡಿಯ ಎರಡು ಪದಗಳು ಭಾರತದ ಧಕ್ಕೆಗಳಲ್ಲೂ ಭಾರ ಎತ್ತುವ ಇತರ ಕೆಲಸಗಳಲ್ಲೂ ಉಳಿದುಬಂದಿವೆ. ಹಾಬೇಸ್ ಎಂದರೆ ಎತ್ತು. ಆರಿಯಾ ಎಂದರೆ ಇಳಿಸು. ಎರಡನೆಯದು ಪೋರ್ಚುಗೀಸಿನಲ್ಲಿ ಹಾಯಿಯನ್ನು ಇಳಿಸು ಎಂಬ ಅರ್ಥದ ಕ್ರಿಯಾಪದದಿಂದ ಬಂದಿದೆ. ಹಾಯಿಹಡಗುಗಳ ಕಾಲದ ಆಜ್ಞೆಯೊಂದು ಹಾಯಿ ಮರೆಯಾದ ಮೇಲೂ ಕ್ರೇನಿನ ಕೆಳಗೆ ಬದುಕಿರುವುದು ಮೌಖಿಕ ಪರಂಪರೆಯ ಬಾಳಿಕೆಗೆ ಒಳ್ಳೆಯ ಸಾಕ್ಷಿ. ಪದದ ಜತೆಗೆ ಸನ್ನೆಯೂ ಇದೆ. ಯಂತ್ರದ ಗದ್ದಲದಲ್ಲಿ ಮಾತು ಕೇಳಿಸದಿದ್ದಾಗ ಹ್ಯಾಚಿನ ಅಂಚಿನಲ್ಲಿ ನಿಂತವನ ಕೈಬೆರಳುಗಳೇ ಕ್ರೇನಿನ ಚಾಲಕನಿಗೆ ಕಣ್ಣಾಗುತ್ತವೆ. ಗದ್ದೆಯಲ್ಲಿ ನೇಜಿ ನೆಡುವ ತುಳು ಹೆಣ್ಣುಮಕ್ಕಳ ಓ ಬೇಲೆ ಹಾಡಿನಂಥ ಹಾಡು ಧಕ್ಕೆಯಲ್ಲಿಲ್ಲ ಎಂಬ ಕಾರಣಕ್ಕೆ ಇಲ್ಲಿ ಜಾನಪದವಿಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ. ಹಾಡಿನ ಮುಖ್ಯ ಕೆಲಸಗಳಲ್ಲಿ ಒಂದು ಹಲವು ಕೈಗಳನ್ನು ಒಂದು ಲಯಕ್ಕೆ ತರುವುದು. ಇಲ್ಲಿ ಆ ಕೆಲಸವನ್ನು ಕೂಗು ಮತ್ತು ಸನ್ನೆಗಳು ನಿರ್ವಹಿಸುತ್ತವೆ.

ತೇವದ ಅದಿರು, ಮುನಿದ ಕಡಲು

ಅದಿರಿನ ಪುಡಿಯು ನೋಡಲು ಒಣ ಮಣ್ಣಿನಂತಿದ್ದರೂ ಅದರೊಳಗಿನ ತೇವವು ಮಿತಿ ಮೀರಿದರೆ ಹಡಗಿನ ತುಯ್ದಾಟಕ್ಕೆ ಕಣಗಳು ಒತ್ತಿಕೊಂಡು, ನಡುವಿನ ನೀರು ಹೊರಬಂದು, ಇಡೀ ಸರಕು ಕೆಸರಿನಂತೆ ಹರಿಯತೊಡಗುತ್ತದೆ. ಒಂದು ಬದಿಗೆ ಹರಿದ ಅದಿರು ಮರಳಿ ಮೊದಲಿನ ಸ್ಥಾನಕ್ಕೆ ಬರುವುದಿಲ್ಲ, ಹಡಗು ವಾಲುತ್ತದೆ. 2009ರ ಜುಲೈಯಲ್ಲಿ ನವಮಂಗಳೂರಿನಿಂದ ಅದಿರು ತುಂಬಿಕೊಂಡು ಚೀನಕ್ಕೆ ಹೊರಟ ಏಷ್ಯನ್ ಫಾರೆಸ್ಟ್ ಎಂಬ ಹಡಗು ಕರಾವಳಿಯಿಂದ ಬಹುದೂರ ಹೋಗುವ ಮೊದಲೇ ಹೀಗೆ ವಾಲಿ ಮುಳುಗಿತು. ಸಿಬ್ಬಂದಿಯನ್ನು ರಕ್ಷಿಸಲಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ ಬ್ಲ್ಯಾಕ್ ರೋಸ್ ಎಂಬ ಅದಿರಿನ ಹಡಗು ಮುಳುಗಿತು. ಎರಡೂ ಮಳೆಗಾಲದ ದುರಂತಗಳು.

ಘನ ಸರಕುಗಳ ಸಾಗಣೆಯ ಅಂತರರಾಷ್ಟ್ರೀಯ ಸಂಹಿತೆಯು 2011ರ ಜನವರಿಯಿಂದ ಕಡ್ಡಾಯವಾಯಿತು. ಪ್ರಯೋಗಾಲಯದ ಪರೀಕ್ಷೆಯ ಜತೆಗೆ ಹಡಗಿನವರೇ ಮಾಡಬಹುದಾದ ಒಂದು ಸರಳ ಪರೀಕ್ಷೆಯನ್ನೂ ಅದು ಹೇಳುತ್ತದೆ. ಒಂದು ಡಬ್ಬಿಯ ಅರ್ಧದಷ್ಟು ಅದಿರು ತುಂಬಿ, ಸುಮಾರು ಗೇಣುದ್ದ ಮೇಲಿನಿಂದ ಗಟ್ಟಿನೆಲಕ್ಕೆ 25 ಸಲ ಕುಟ್ಟಬೇಕು. ಮೇಲ್ಮೈಯಲ್ಲಿ ನೀರು ಒಸರಿದರೆ ಆ ಅದಿರನ್ನು ನಂಬಬಾರದು, ಮತ್ತೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ನೀರು ಒಸರದಿದ್ದ ಮಾತ್ರಕ್ಕೆ ಅದಿರು ಸುರಕ್ಷಿತವೆಂದು ತಿಳಿಯಬಾರದೆಂಬ ಎಚ್ಚರಿಕೆಯೂ ಇದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ಬಿತ್ತನೆಯ ಹದ ನೋಡುವ ರೈತನ ತಿಳಿವಳಿಕೆಗೂ ಈ ಪರೀಕ್ಷೆಗೂ ಇರುವ ಸಾಮ್ಯ ಸ್ಪಷ್ಟವಾಗಿದೆ. ಕೈಯ ಅರಿವನ್ನು ಆಧುನಿಕ ಸಂಹಿತೆಯೂ ಬಿಟ್ಟುಕೊಟ್ಟಿಲ್ಲ.

ಇಲ್ಲಿ ಎರಡು ಕಾಲಗಣನೆಗಳ ಸಂಘರ್ಷವನ್ನು ಮತ್ತೆ ನೆನೆಯಬೇಕು. ಪತ್ತನಾಜೆಯಿಂದ ನೂಲ ಹುಣ್ಣಿಮೆಯವರೆಗೆ ಕಡಲು ಮುಚ್ಚಿರುತ್ತದೆ ಎಂಬ ಹಳೆಯ ಕಟ್ಟಳೆಯನ್ನು ಕೇವಲ ನಂಬಿಕೆಯೆಂದು ಬದಿಗಿಡುವುದು ಸುಲಭ. ಬಯಲಿನಲ್ಲಿ ರಾಶಿ ಹಾಕಿದ ಅದಿರು ತೇವಗೊಳ್ಳುವುದೂ, ಕಡಲು ಅತಿಯಾಗಿ ತುಯ್ಯುವುದೂ ಅದೇ ತಿಂಗಳುಗಳಲ್ಲಿ ಎಂಬುದನ್ನು ಕಂಡಾಗ ಆ ಕಟ್ಟಳೆಯೊಳಗಿನ ಅನುಭವದ ತೂಕ ತಿಳಿಯುತ್ತದೆ. ಕಟ್ಟಳೆಯನ್ನು ಮುರಿಯಬಾರದೆಂದು ಇದರ ಅರ್ಥವಲ್ಲ. ಅಲೆತಡೆಗೋಡೆಯು ಹಡಗನ್ನು ಬಂದರಿನೊಳಗೆ ಮಾತ್ರ ಕಾಯಬಲ್ಲದು; ಗೋಡೆಯಾಚೆ ಹಳೆಯ ಕಡಲೇ ಇದೆ.

ಮೊಗವೀರರ ಪ್ರಮುಖ ದೈವವಾದ ಬೊಬ್ಬರ್ಯನ ಕಥನವನ್ನು ಈ ಹಿನ್ನೆಲೆಯಲ್ಲಿ ಓದಬಹುದು. ಪಾಡ್ದನದ ಪಾಠಾಂತರಗಳು ಅವನನ್ನು ಮುಸ್ಲಿಂ ವ್ಯಾಪಾರಿ ಕುಟುಂಬದೊಂದಿಗೆ, ಹಡಗು ಮತ್ತು ಕಡಲಿನೊಂದಿಗೆ ಬೆಸೆಯುತ್ತವೆ. ಕಡಲ ವ್ಯಾಪಾರದ ಅಪಾಯವು ಅವನಲ್ಲಿ ದೈವವಾಗಿ ನೆಲೆಗೊಂಡಿದೆ. ಹಡಗಿನ ವ್ಯಾಪಾರಿ ಮತ್ತು ದಡದ ಮೀನುಗಾರ ಒಂದೇ ಕಥನದಲ್ಲಿ ಸಂಧಿಸುವುದು ಕರಾವಳಿಯ ಬಂದರು ಸಂಸ್ಕೃತಿಯ ಬಹುಸಮುದಾಯ ಸ್ವರೂಪಕ್ಕೆ ನಿದರ್ಶನ.

ಒಂದು ಹೋಲಿಕೆ

ಉತ್ತರ ಅಮೆರಿಕದ ಮಹಾಸರೋವರಗಳ ಅನುಭವವು ಇಲ್ಲಿ ಪಾಠವಾಗಬಲ್ಲದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಹಾಯಿಹಡಗುಗಳು ಉತ್ತರದ ಗಣಿಗಳ ಅದಿರನ್ನು ಈರೀ ಸರೋವರದ ಬಂದರುಗಳಿಗೆ ತಂದಾಗ ಕಾರ್ಮಿಕರು ಸಲಿಕೆ ಮತ್ತು ಕೈಗಾಡಿಗಳಿಂದ ಇಳಿಸುತ್ತಿದ್ದರು. ಎಸ್ಕನಾಬದಿಂದ ಕ್ಲೀವ್‌ಲ್ಯಾಂಡಿಗೆ ಅದಿರು ಸಾಗಿಸಿದ ಇ. ಸಿ. ರಾಬರ್ಟ್ಸ್ ಎಂಬ ಹಡಗಿನ ಪಯಣವನ್ನು ಕುರಿತ ಲಾವಣಿಯು ಕೆಂಪು ಅದಿರು ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ; ಫ್ರಾಂಜ್ ರಿಕಬಿಯ 1926ರ ಸಂಕಲನದಲ್ಲಿ ಅದು ಅಚ್ಚಾಯಿತು. 1899ರಲ್ಲಿ ಜಾರ್ಜ್ ಹ್ಯೂಲೆಟ್ ರೂಪಿಸಿದ ಇಳಿಸುವ ಯಂತ್ರವು ಕಾನಿಯಟ್ ಬಂದರಿಗೆ ಬಂದಿತು. ಅದರ ಚಾಲಕನು ದೈತ್ಯ ಬಕೆಟ್ಟಿನ ಮೇಲ್ಭಾಗದಲ್ಲೇ ಕುಳಿತು ಹಡಗಿನ ಒಡಲಿಗೆ ತಾನೂ ಇಳಿದು ಏರುತ್ತಿದ್ದನು. ಸಲಿಕೆ ಹಿಡಿದ ದೊಡ್ಡ ತಂಡಗಳು ಅನಗತ್ಯವಾದವು. ಮುಂದೆ ತಾವೇ ಸರಕು ಇಳಿಸಬಲ್ಲ ಹಡಗುಗಳು ಬಂದಾಗ ಹ್ಯೂಲೆಟ್ ಯಂತ್ರಗಳೂ ಮೂಲೆಗುಂಪಾದವು. ಕ್ಲೀವ್‌ಲ್ಯಾಂಡಿನವು 1992ರಲ್ಲಿ ಕೆಲಸ ನಿಲ್ಲಿಸಿದವು.

ಮಿಶಿಗನ್ ವಿಶ್ವವಿದ್ಯಾಲಯದ ಐವನ್ ವಾಲ್ಟನ್ 1930ರ ದಶಕದಲ್ಲಿ ಸರೋವರತೀರದ ಊರೂರು ಅಲೆದು ವೃದ್ಧ ನಾವಿಕರಿಂದ ಹಾಡು ಮತ್ತು ಕಥನಗಳನ್ನು ಸಂಗ್ರಹಿಸಿದರು. ಅಷ್ಟರಲ್ಲಿ ಹಾಯಿಹಡಗುಗಳ ಕಾಲ ಮುಗಿದಿತ್ತು. ಹಾಡುಗಾರರ ಕಾಲ ಮುಗಿದಿರಲಿಲ್ಲ. ಇನ್ನೊಂದು ತಲೆಮಾರು ತಡವಾಗಿದ್ದರೆ ಆ ಸಂಗ್ರಹದ ಬಹುಭಾಗ ದೊರೆಯುತ್ತಿರಲಿಲ್ಲ.

ಉಪಸಂಹಾರ

ಕರ್ನಾಟಕದ ಕರಾವಳಿಯು ಈಗ ಅಂಥದೇ ಹಂತದಲ್ಲಿದೆ. ಮಂಜಿಗಳಲ್ಲಿ ಹೆಂಚು ಹೊತ್ತವರು, ಹೊಸ ಬಂದರಿಗಾಗಿ ನೆಲ ಬಿಟ್ಟವರು, ಕುದುರೆಮುಖದ ಅದಿರನ್ನು ಮೊದಲ ಹಡಗುಗಳಿಗೆ ತುಂಬಿದವರು, ಬೈಲಾಡಿಲಾದ ಅದಿರನ್ನು ಇಳಿಸಿದವರು ಎಂಬ ನಾಲ್ಕು ಬಗೆಯ ಅನುಭವಗಳು ಒಂದೇ ತೀರದಲ್ಲಿ ಅಕ್ಕಪಕ್ಕದಲ್ಲಿವೆ. ಇವರಲ್ಲಿ ಹಿರಿಯ ತಲೆಮಾರು ವೇಗವಾಗಿ ಕಡಿಮೆಯಾಗುತ್ತಿದೆ. ಬಂದರಿನ ವಾರ್ಷಿಕ ವರದಿಗಳಲ್ಲಿ ಟನ್ನುಗಳ ಲೆಕ್ಕ ಸಿಗುತ್ತದೆ. ನ್ಯಾಯಾಲಯದ ತೀರ್ಪುಗಳಲ್ಲಿ ಕಾಡಿನ ಲೆಕ್ಕ ಸಿಗುತ್ತದೆ. ಒಡಲಿನ ತಳದಲ್ಲಿ ಪೊರಕೆ ಹಿಡಿದವನು ಆರಿಯಾ ಎಂಬ ಕೂಗನ್ನು ಯಾರಿಂದ ಕಲಿತನು, ಮಳೆಯ ಮೊದಲ ಹನಿಗೆ ಹ್ಯಾಚ್ ಮುಚ್ಚಿಸಲು ಯಾವ ಮೋಡವನ್ನು ನೋಡಿದನು ಎಂಬುದು ಆ ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಆದ್ದರಿಂದ ಮೂರು ಕಾರ್ಯಗಳು ತುರ್ತಿನವಾಗಿವೆ. ಧಕ್ಕೆಯ ವೃತ್ತಿಪದಗಳನ್ನು ಕನ್ನಡ, ತುಳು, ಬ್ಯಾರಿ, ಕೊಂಕಣಿ ಮತ್ತು ಮಲಯಾಳ ರೂಪಗಳೊಂದಿಗೆ ಕೋಶವಾಗಿ ಸಂಕಲಿಸುವುದು. ಸನ್ನೆಗಳನ್ನು ಚಲನಚಿತ್ರದಲ್ಲಿ ದಾಖಲಿಸುವುದು. ಸ್ಥಳಾಂತರಗೊಂಡ ದೈವಸ್ಥಾನಗಳ ಮತ್ತು ಕುಟುಂಬಗಳ ಮೌಖಿಕ ಚರಿತ್ರೆಯನ್ನು ಹಳೆಯ ಭೂಪಟಗಳ ಜತೆಗಿಟ್ಟು ಬರೆದಿಡುವುದು. ಇವುಗಳಿಗೆ ದೊಡ್ಡ ಸಲಕರಣೆಗಳೇನೂ ಬೇಕಿಲ್ಲ. ಹೇಳುವವರು ಇರುವಾಗಲೇ ಕೇಳುವವರು ಧಕ್ಕೆಯನ್ನು ತಲುಪಬೇಕು. ಹೊರಗಡಲಿನಲ್ಲಿ ಕಾಯುವ ಹಡಗಿನ ಸರದಿ ಇಂದಲ್ಲ ನಾಳೆ ಬರುತ್ತದೆ. ಮುದುಕರ ನೆನಪಿಗೆ ಆ ಬಗೆಯ ಸರದಿಯಿಲ್ಲ.